ತಾತನ ಐದು ನಿಮಿಷದ ಶ್ಯಾವಿಗೆ

ಸಂಜೆ ನಾಲ್ಕೂವರೆಗೆ ಹೇರೋಹಳ್ಳಿಯ ನಮ್ಮ ರಸ್ತೆ ತಿರುವಿನಲ್ಲಿ ಶಾಲೆಯ ವ್ಯಾನು ನಿಲ್ಲುತ್ತದೆ. ಆರನೇ ತರಗತಿಯ ಮೊಮ್ಮಗಳು ಇಳಿಯುವ ಮೊದಲೇ ಕೂಗುತ್ತಾಳೆ, "ತಾತಾ, ನೀರು ಇಟ್ಟಿದ್ದೀಯಾ?"

ಅವಳು ಕೇಳುವುದು ಕುಡಿಯುವ ನೀರನ್ನಲ್ಲ, ನೂಡಲ್ಸಿನ ನೀರನ್ನು. ಮಗ-ಸೊಸೆ ಕೆಲಸ ಮುಗಿಸಿ, ಮಾಗಡಿ ರಸ್ತೆಯ ವಾಹನಗಳ ನಡುವೆ ತೂರಿಕೊಂಡು ಮನೆ ಸೇರುವಾಗ ರಾತ್ರಿ ಎಂಟು. ನನ್ನಾಕೆ ತೀರಿಕೊಂಡು ಮೂರು ವರ್ಷವಾಯಿತು. ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದ ನಾನು ಒಲೆ ಹಚ್ಚಲು ಕಲಿತದ್ದೇ ಎಪ್ಪತ್ತು ದಾಟಿದ ಮೇಲೆ. ನನಗೆ ಬರುತ್ತಿದ್ದ ಅಡುಗೆ ಎರಡೇ: ಕಾಫಿ ಮತ್ತು ಪೊಟ್ಟಣದ ನೂಡಲ್ಸ್. ಒಂದೇ ಬಟ್ಟಲು, ಎರಡು ಫೋರ್ಕು. ಅವಳು ಶಾಲೆಯ ಸುದ್ದಿ ಹೇಳುತ್ತಾಳೆ, ನಾನು ಕೇಳುತ್ತಾ ತಿನ್ನುತ್ತೇನೆ. ದಿನದಲ್ಲಿ ನಾನು ಕಾಯುವ ಹೊತ್ತೆಂದರೆ ಅದೊಂದೇ.

ಕಳೆದ ವರ್ಷ ನನ್ನ ರಕ್ತದೊತ್ತಡ ಏರಿತು. ಡಾಕ್ಟರು ಮಾತ್ರೆ ಹೆಚ್ಚಿಸಿ, ಏನೇನು ತಿನ್ನುತ್ತೀರಿ ಎಂದು ವಿಚಾರಿಸಿದರು. ನಾನು ಮುದ್ದೆ, ಸಾರು, ಮಜ್ಜಿಗೆ ಎಂದು ಸಭ್ಯವಾಗಿ ಪಟ್ಟಿ ಒಪ್ಪಿಸಿದೆ. ಪಕ್ಕದಲ್ಲಿದ್ದ ಮೊಮ್ಮಗಳು, "ನೂಡಲ್ಸ್ ಹೇಳಲೇ ಇಲ್ವಲ್ಲ ತಾತ" ಅಂದುಬಿಟ್ಟಳು!

ಅಂದಿನಿಂದ ನನ್ನ ಫೋರ್ಕು ರದ್ದಾಯಿತು. ಅವಳು ಬಟ್ಟಲು ಹಿಡಿದು ಟೀವಿ ಮುಂದೆ ಕೂತಳು, ನಾನು ಅಡುಗೆಮನೆಯಲ್ಲಿ ಕಾಫಿ ಹಿಡಿದು ಕೂತೆ. ನಾಲ್ಕನೇ ದಿನ ಅವಳೇ ಬಂದು, "ನನ್ನಿಂದಲೇ ಅಲ್ವಾ ತಾತ ನಿಂಗೆ ಬೀಪಿ ಬಂದಿದ್ದು?" ಎಂದಳು. ವಯಸ್ಸಿನಿಂದ ಬರುವುದು, ಪುಟ್ಟಿ, ಎಂದರೂ ಅವಳ ಮುಖ ಅರಳಲಿಲ್ಲ. ಒಂದು ಬಟ್ಟಲಿನ ಲೆಕ್ಕ ಸರಿಪಡಿಸಲೇಬೇಕೆಂದು ಅವತ್ತೇ ತೀರ್ಮಾನಿಸಿದೆ.

ಪೊಟ್ಟಣದ ಬೆನ್ನ ಮೇಲಿನ ಲೆಕ್ಕ

ಮಕ್ಕಳೇ, ಪೊಟ್ಟಣದ ಮುಂದುಗಡೆ ಬಣ್ಣದ ಚಿತ್ರ, ಹಿಂದುಗಡೆ ಸಣ್ಣಕ್ಷರದ ಲೆಕ್ಕ. ಬ್ಯಾಂಕಿನವನಾದ ನನಗೆ ಹಿಂದುಗಡೆಯೇ ರುಚಿ. ಅಲ್ಲಿ ಸೋಡಿಯಂ ಎಂಬ ಸಾಲು ಹುಡುಕಿ. ಅದು ಎಷ್ಟು ಮಿಲಿಗ್ರಾಂ ಇದೆಯೋ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ತಿಳಿಯುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇನ್ನೊಂದು ಎಚ್ಚರ: ಕೆಲವು ಲೆಕ್ಕ 100 ಗ್ರಾಂಗೆ ಬರೆದದ್ದು, ಪೊಟ್ಟಣ ಇರುವುದು 70 ಗ್ರಾಂ. ಯಾವ ಕಾಲಂ ಓದುತ್ತಿದ್ದೇವೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಮನೆಯಲ್ಲೇ ಮಾಡೋಣ ಎಂದೆ. ಮೊಮ್ಮಗಳು ಮೂರು ಷರತ್ತು ಹಾಕಿದಳು. ಎಳೆ ಉದ್ದ ಇರಬೇಕು. ಮಸಾಲೆ ಬೇರೆ ಚೀಟಿಯಲ್ಲಿ ಇರಬೇಕು. ಬಿಸಿನೀರು ಹಾಕಿದರೆ ಸಾಕು, ಆಗಿಬಿಡಬೇಕು.

ಎಲ್ಲ ಕಳೆದುಕೊಂಡವನ ಉಪಾಯ

ದಿಢೀರ್ ನೂಡಲ್ಸ್ ಕಂಡುಹಿಡಿದವರು ಜಪಾನಿನ ಮೊಮೊಫುಕು ಆಂಡೊ. ಅವರು ಒಂದು ಪತ್ತಿನ ಸಂಘದ ಮುಖ್ಯಸ್ಥರಾಗಿದ್ದರು. ಸಂಘ ಮುಳುಗಿ, ಹೊಣೆ ತಲೆಗೆ ಬಂದು, ಒಂದು ಮನೆ ಬಿಟ್ಟು ಮಿಕ್ಕದ್ದೆಲ್ಲ ಹೋಯಿತು. ಒಸಾಕಾ ಬಳಿಯ ಇಕೆಡಾ ಊರಿನ ಆ ಮನೆಯ ಹಿತ್ತಲ ಗುಡಿಸಲಿನಲ್ಲೇ ಅವರು ಪ್ರಯೋಗಕ್ಕೆ ಇಳಿದರು. ಹೆಂಡತಿ ತರಕಾರಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವುದನ್ನು, ನಮ್ಮ ಬಜ್ಜಿಯ ಹಾಗೆ, ನೋಡಿ ಉಪಾಯ ಹೊಳೆಯಿತಂತೆ. ಮೊದಲೇ ಹಬೆಯಲ್ಲಿ ಬೆಂದ ಎಳೆಗಳನ್ನು ಕಾದ ಎಣ್ಣೆಗೆ ಬಿಟ್ಟರೆ ಒಳಗಿನ ನೀರು ಆವಿಯಾಗಿ ಹಾರುತ್ತದೆ, ಅದು ಹಾರಿದ ಕಡೆ ಸಣ್ಣ ಸಣ್ಣ ತೂತು ಉಳಿಯುತ್ತದೆ. ಆಮೇಲೆ ಬಿಸಿನೀರು ಸುರಿದರೆ ನೀರು ಆ ತೂತುಗಳಲ್ಲೇ ಒಳಗೆ ನುಗ್ಗುತ್ತದೆ. 1958ರ ಆಗಸ್ಟ್ 25ರಂದು ಅವರ ಮೊದಲ ಪೊಟ್ಟಣ ಮಾರಾಟಕ್ಕೆ ಬಂತು. ಆಗ ಅವರಿಗೆ 48 ವರ್ಷ. 2005ರಲ್ಲಿ ಸೋಯಿಚಿ ನೊಗುಚಿ ಎಂಬ ಗಗನಯಾತ್ರಿಯ ಜೊತೆ ಅವರ ನೂಡಲ್ಸ್ ಅಂತರಿಕ್ಷಕ್ಕೂ ಹೋಯಿತು. ಸಾರು ತೇಲಿ ಹೋಗದಂತೆ ಅದನ್ನು ಗಟ್ಟಿಯಾಗಿ ಮಾಡಿದ್ದರಂತೆ!

ಗುಟ್ಟು ಇಷ್ಟೇ ಎಂದು ತಿಳಿಯಿತು: ಮೊದಲು ಬೇಯಿಸು, ಆಮೇಲೆ ಒಣಗಿಸು. ತಟ್ಟನೆ ಅಟ್ಟದ ನೆನಪಾಯಿತು.

ಅಟ್ಟದಿಂದ ಇಳಿದ ಒರಳು

ನಮ್ಮ ಒತ್ತುಶ್ಯಾವಿಗೆ ಮೊದಲೇ ಬೆಂದದ್ದು ತಾನೆ? ಹಿಟ್ಟು ಬೇಯಿಸಿ ಉಂಡೆ ಕಟ್ಟಿ, ಉಂಡೆಯನ್ನು ಮತ್ತೆ ಬೇಯಿಸಿ, ಬಿಸಿಬಿಸಿಯಾಗಿ ಒರಳಿಗೆ ಹಾಕಿ ಒತ್ತುವುದು. ನನ್ನಾಕೆ ಯುಗಾದಿ ಕಳೆದ ಮೇಲೆ ಒಮ್ಮೆ ತಪ್ಪದೆ ಮಾಡುತ್ತಿದ್ದಳು. ಕಾಯಿಹಾಲು, ಬೆಲ್ಲ, ಎಳ್ಳುಪುಡಿ ಜೊತೆಗೆ. ಒರಳಿನ ಹಿಡಿ ತಿರುಗಿಸುವುದಷ್ಟೇ ನನ್ನ ಪಾಲಿನ ಕೆಲಸ. ಅವಳು ಹೋದ ಮೇಲೆ ಮೂರು ಕಾಲಿನ ಆ ಒರಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೆ. ಕಣ್ಣಿಗೆ ಬೀಳುವುದು ಬೇಡವೆನಿಸಿತ್ತು.

ಮಗ ಇಳಿಸಿಕೊಟ್ಟ. ಬಿಲ್ಲೆಯ ತೂತಿನಲ್ಲಿ ಅವಳು ಕೊನೆಯ ಸಲ ಒತ್ತಿದ ಹಿಟ್ಟಿನ ಒಣಚೂರು ಇನ್ನೂ ಇತ್ತು. ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ಕೂತೆ. ಮೊಮ್ಮಗಳು ಮಾತಾಡದೆ ಹೋಗಿ ಹಳೆಯ ಹಲ್ಲುಜ್ಜುವ ಬ್ರಷ್ ತಂದು ಕೈಗಿತ್ತಳು. ಇಬ್ಬರೂ ಸೇರಿ ತೊಳೆದೆವು.

ಮೊದಲ ಸಲ ಹಿಟ್ಟಿಗೆ ನೀರು ಕಡಿಮೆಯಾಗಿ ಎಳೆ ತುಂಡುತುಂಡಾಯಿತು. ಉಪ್ಪಿಟ್ಟು ಎಂದು ಹೆಸರಿಟ್ಟು ತಿಂದೆವು. ಎರಡನೇ ಸಲ ಎಳೆ ಚೆನ್ನಾಗಿ ಬಂತು. ಮಹಡಿಯಲ್ಲಿ ಒಂದೇ ದಿನ ಒಣಗಿಸಿ, ಆತುರದಿಂದ ಡಬ್ಬಿಗೆ ತುಂಬಿದೆ. ವಾರದ ಮೇಲೆ ಮುಚ್ಚಳ ತೆಗೆದರೆ ಬೂಷ್ಟು! ಎಣ್ಣೆಯಲ್ಲಿ ಕರಿದ ಎಳೆಯ ನೀರು ಗಳಿಗೆಯಲ್ಲಿ ಹೋಗುತ್ತದೆ, ಬಿಸಿಲಿನಲ್ಲಿ ಆ ಕೆಲಸಕ್ಕೆ ದಿನಗಳು ಬೇಕು. ಅಷ್ಟನ್ನೂ ಗಿಡದ ಬುಡಕ್ಕೆ ಸುರಿದೆ. ಮೂರನೇ ಸಲ ಸುರುಳಿಯನ್ನು ಅಂಗೈಯಗಲ ಮಾಡಿ, ತೆಳ್ಳಗೆ ಬಿಡಿಸಿ, ಮೂರು ದಿನ ಏಪ್ರಿಲ್ ಬಿಸಿಲು ಕೊಟ್ಟೆವು. ಎಳೆ ಮುರಿದಾಗ ಟಕ್ ಎಂದಿತು. ಗೆದ್ದೆವು.

ಮಾಡುವ ಬಗೆ

*ಶ್ಯಾವಿಗೆ:* ಎರಡೂಮುಕ್ಕಾಲು ಲೋಟ ನೀರಿಗೆ ಅರ್ಧ ಚಿಕ್ಕ ಚಮಚ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಿ. ಎರಡು ಲೋಟ ನುಣ್ಣನೆಯ ಅಕ್ಕಿಹಿಟ್ಟು ಸುರಿದು, ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ. ಮುದ್ದೆ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಕೈಗೆ ನೀರು ಮುಟ್ಟಿಸಿಕೊಂಡು ನಾದಿ, ಉಂಡೆ ಮಾಡಿ. ಇಡ್ಲಿ ಪಾತ್ರೆಯಲ್ಲಿ 15 ನಿಮಿಷ ಹಬೆಯಲ್ಲಿ ಬೇಯಿಸಿ. ಬಿಸಿ ಇರುವಾಗಲೇ ಒತ್ತಿ, ಶುಭ್ರ ಬಟ್ಟೆಯ ಮೇಲೆ ಹತ್ತು ಸುರುಳಿ ಮಾಡಿ. ಎರಡು-ಮೂರು ದಿನ ಚುರುಕು ಬಿಸಿಲು ಬೇಕು. ಮಧ್ಯೆ ಮಗುಚಿ ಹಾಕಿ, ಸಂಜೆ ಒಳಗೆ ತನ್ನಿ. ಬಿಸಿ ಉಂಡೆ, ಒರಳು ದೊಡ್ಡವರ ಕೆಲಸ. ಸುರುಳಿ ಬಿಡಿಸುವುದು, ಕಾಗೆ ಕಾಯುವುದು ಮಕ್ಕಳದು.

*ಮಸಾಲೆ:* ಧನಿಯಾ 8 ಚಿಕ್ಕ ಚಮಚ, ಜೀರಿಗೆ 2, ಮೆಣಸು 1, ಮೆಂತ್ಯ ಕಾಲು, ಬ್ಯಾಡಗಿ ಮೆಣಸಿನಕಾಯಿ 6, ಚಕ್ಕೆ ಒಂದು ಚೂರು, ಲವಂಗ 3. ಇವನ್ನು ಬೆಚ್ಚಗೆ ಹುರಿದುಕೊಳ್ಳಿ. ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಒಣಗಿಸಿದ 6 ಟೊಮೆಟೊ, 10 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಅರಿಸಿನ, 1 ಚಮಚ ಸಕ್ಕರೆ, 2 ಚಮಚ ಉಪ್ಪು ಸೇರಿಸಿ ನುಣ್ಣಗೆ ಪುಡಿ ಮಾಡಿ. ಸುಮಾರು 20 ಚಮಚ ಪುಡಿಯಾಗುತ್ತದೆ.

ಟೊಮೆಟೊ ಯಾಕೆ ಎಂದಿರಾ? 1908ರಲ್ಲಿ ಕಿಕುನಾಯೆ ಇಕೆಡಾ ಎಂಬ ಜಪಾನಿ ವಿಜ್ಞಾನಿ ಕಡಲಪಾಚಿಯ ಸಾರಿನ ರುಚಿ ಬೆನ್ನುಹತ್ತಿ ಗ್ಲುಟಮೇಟ್ ಎಂಬ ಅಂಶವನ್ನು ಕಂಡುಕೊಂಡರು. ಮಾಗಿದ ಟೊಮೆಟೊದಲ್ಲಿ ಅದು ಸಹಜವಾಗಿಯೇ ಇದೆ. ನಾಲಿಗೆ ಚಪ್ಪರಿಸುವಂತೆ ಮಾಡುವುದು ಅದೇ.

*ಬಡಿಸುವಾಗ:* ಎರಡು ಸುರುಳಿ ಬಟ್ಟಲಿಗೆ ಹಾಕಿ, ಒಂದು ಚಿಕ್ಕ ಚಮಚ ಮಸಾಲೆ ಉದುರಿಸಿ, ಮುಳುಗುವಷ್ಟು ಕುದಿವ ನೀರು ಸುರಿದು ಐದು ನಿಮಿಷ ಮುಚ್ಚಿಡಿ. ಎಳೆಯಲ್ಲಿ ಗಟ್ಟಿ ಉಳಿದಿದ್ದರೆ ಒಂದು ನಿಮಿಷ ಒಲೆಯ ಮೇಲಿಡಿ. ತುಪ್ಪದಲ್ಲಿ ಬಾಡಿಸಿದ ಕ್ಯಾರೆಟ್, ಬೀನ್ಸ್, ಕರಿಬೇವು, ನಾಲ್ಕು ಗೋಡಂಬಿ, ಮೇಲೆ ನಿಂಬೆರಸ ಹಾಕಿದರೆ ಹೋಟೆಲಿನ ಬಟ್ಟಲನ್ನೂ ಮೀರಿಸುತ್ತದೆ. ಅವರೆ ಕಾಲದಲ್ಲಿ ಮಾಗಡಿ ಕಡೆಯ ಸೊಗಡಿನ ಅವರೆಕಾಳು ಬೇಯಿಸಿ ಹಾಕಿದರಂತೂ ಮಾತೇ ಬೇಡ.

ಉಪ್ಪಿನ ಲೆಕ್ಕ: ಹಿಟ್ಟಿನದೂ ಮಸಾಲೆಯದೂ ಕೂಡಿಸಿದರೆ ಬಟ್ಟಲಿಗೆ ಸುಮಾರು ಒಂದೂಕಾಲು ಗ್ರಾಂ. ನಾವು ಇಬ್ಬರು ಹಂಚಿಕೊಂಡರೆ ಅದರಲ್ಲೂ ಅರ್ಧ.

ಖಾತೆಯಲ್ಲಿ ಅವಳ ಷರಾ

ಪೊಟ್ಟಣ ನಮ್ಮ ಮನೆಯಿಂದ ಪೂರ್ತಿ ಹೋಗಿಲ್ಲ, ತಿಂಗಳಿಗೊಮ್ಮೆ ಅವಳಿಗೆ ಅನುಮತಿ ಇದೆ. ನನ್ನ ಮಾತ್ರೆಯೂ ನಿಂತಿಲ್ಲ, ನಿಲ್ಲಿಸುವುದೂ ಬೇಡ ಎಂದಿದ್ದಾರೆ ಡಾಕ್ಟರು. ಮನೆಯ ಶ್ಯಾವಿಗೆ ವಾರಕ್ಕೆ ಎರಡು ಸಲ ಆಗಬಹುದು ಎಂದರು. ಉಳಿದ ಸಂಜೆ ಹಣ್ಣು, ಅವಲಕ್ಕಿ. ತಿನ್ನುವುದು ಮಾತ್ರ ಒಟ್ಟಿಗೇ.

ನಾನು ಖರ್ಚು ಬರೆಯುವ ಪುಸ್ತಕದಲ್ಲಿ ಶ್ಯಾವಿಗೆಗೆ ಒಂದು ಪುಟ ತೆಗೆದಿದ್ದೆ. ಮೊನ್ನೆ ತಿರುವಿದರೆ ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: "ಎಳೆ ಪಾಸ್. ಮಸಾಲೆ ಪಾಸ್. ಎರಡು ನಿಮಿಷ ಅಂದ್ರೆ ಐದು ನಿಮಿಷ ಆಯ್ತು, ಆದ್ರೂ ಪರವಾಗಿಲ್ಲ, ಆ ಐದು ನಿಮಿಷ ತಾತ ಅಜ್ಜಿ ಕಥೆ ಹೇಳ್ತಾನೆ."

ಒರಳು ಈಗ ಅಟ್ಟದಲ್ಲಿಲ್ಲ. ಅಡುಗೆಮನೆಯ ಕಿಟಕಿಯ ಕೆಳಗೆ, ಅವಳಿಟ್ಟಿದ್ದ ಜಾಗದಲ್ಲೇ ಇದೆ.