ಕಂಡದ್ದಷ್ಟೇ ಸಾಲದು, ಸರಿಯಾಗಿ ಕಾಣಬೇಕು
ಚದುರಂಗದ ಮಹಾರಥಿಗಳ ಗುಟ್ಟು

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ಹಾದಿಯಲ್ಲಿ ಮಲಪನಗುಡಿ ಎಂಬ ಗ್ರಾಮವಿದೆ. ಮಲ್ಲಿಕಾರ್ಜುನನ ಗುಡಿಯನ್ನೂ ವಿಜಯನಗರದ ಕಾಲದ ಬಾವಿಯನ್ನೂ ಉಳಿಸಿಕೊಂಡಿರುವ ಈ ಊರಿಗೆ ಹಂಪೆ ದೂರವಲ್ಲ. ಹಂಪೆಯ ಮಂಟಪಗಳ ಕಲ್ಲುಹಾಸನ್ನು ಬಾಗಿ ನೋಡಿದವರಿಗೆ ಅಲ್ಲಲ್ಲಿ ಕೊರೆದಿರುವ ಆಟದ ಮನೆಗಳು ಕಾಣಸಿಗುತ್ತವೆ. ಸಾಮ್ರಾಜ್ಯವೇ ಅಳಿದುಹೋಯಿತು, ಎದುರುಬದುರು ಕುಳಿತು ಬುದ್ಧಿಯನ್ನು ಪಣಕ್ಕಿಡುವ ಹವ್ಯಾಸ ಮಾತ್ರ ನಮ್ಮ ಜನರನ್ನು ಬಿಟ್ಟಿಲ್ಲ.

ಮಲಪನಗುಡಿಯಾಗಲಿ, ಕಂಪ್ಲಿಯಾಗಲಿ, ಸಂಡೂರಾಗಲಿ, ಚದುರಂಗದ ಮಣೆಯಿರುವ ಯಾವುದೇ ಊರಿನಲ್ಲಿ ಸೋಲರಿಯದ ಆಟಗಾರನೊಬ್ಬ ಇದ್ದೇ ಇರುತ್ತಾನೆ. ಅವನು ಶಾಲೆಯ ಹುಡುಗನಾಗಿದ್ದರೆ ಮನೆಯವರಲ್ಲಿ ಒಂದು ಆಸೆ ಚಿಗುರುತ್ತದೆ: ‘ನಮ್ಮವನು ಮುಂದೆ ಗ್ರ್ಯಾಂಡ್ ಮಾಸ್ಟರ್ ಆಗಬಲ್ಲನೆ?’ ಪ್ರಶ್ನೆ ಹಗುರವಾದುದಲ್ಲ. ಮಗುವಿನ ಬಾಲ್ಯ, ತಂದೆಯ ಸಂಪಾದನೆ, ತಾಯಿಯ ನೆಮ್ಮದಿ ಎಲ್ಲವೂ ಈ ಪ್ರಶ್ನೆಯ ಬೆನ್ನಿಗೆ ಅಂಟಿಕೊಂಡಿರುತ್ತವೆ. ಆದುದರಿಂದ ಒಳ್ಳೆಯ ಆಟಗಾರನಿಗೂ ಮಹಾರಥಿಗೂ ಇರುವ ಅಂತರ ಎಂತಹುದೆಂದು ತಿಳಿಯುವುದು ಲೇಸು.

ಅಂಕಗಳ ಏಣಿ

ಈ ಅಂತರವನ್ನು ಅಳೆಯುವ ಕೋಲನ್ನು ಕೊಟ್ಟವರು ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾಡ್ ಇಲೊ. ಅವರ ಲೆಕ್ಕಾಚಾರವನ್ನು ವಿಶ್ವ ಚದುರಂಗ ಸಂಸ್ಥೆ 1970ರಲ್ಲಿ ಅಂಗೀಕರಿಸಿತು. ಇಂಟರ್‌ನ್ಯಾಷನಲ್ ಮಾಸ್ಟರ್ ಎನಿಸಿಕೊಳ್ಳಲು 2400 ಅಂಕಗಳನ್ನು ಮುಟ್ಟಬೇಕು. ಗ್ರ್ಯಾಂಡ್ ಮಾಸ್ಟರ್ ಪದವಿಗೆ 2500. ಅಂಕಗಳೊಂದೇ ಸಾಲವು, ಬಲಿಷ್ಠರು ಸೇರಿದ ಪಂದ್ಯಾವಳಿಗಳಲ್ಲಿ ಸಾಮಾನ್ಯವಾಗಿ ಮೂರು ಬಾರಿ ನಿಗದಿತ ಮಟ್ಟದ ಸಾಧನೆಯನ್ನೂ ತೋರಿಸಬೇಕು. 2700ನ್ನು ದಾಟಿದವರು ಜಗತ್ತಿನಲ್ಲೇ ಬೆರಳೆಣಿಕೆಯ ಕೆಲವರು.

ಇನ್ನೂರು ಅಂಕಗಳ ಅಂತರವೆಂದರೆ ನಾಲ್ಕು ಆಟಗಳಿಗೆ ಸರಾಸರಿ ಮೂರು ಅಂಶಗಳು ಮೇಲಿನವನ ಪಾಲಿಗೆ ಎಂದರ್ಥ. ಊರನ್ನೆಲ್ಲ ಸೋಲಿಸಿದವನನ್ನು ಮಾಸ್ಟರ್ ಸೋಲಿಸುತ್ತಾನೆ. ಅವನನ್ನು ಗ್ರ್ಯಾಂಡ್ ಮಾಸ್ಟರ್ ಸೋಲಿಸುತ್ತಾನೆ. ಆ ಗ್ರ್ಯಾಂಡ್ ಮಾಸ್ಟರನೂ ಮೇಲಿನ ಕೆಲವರೆದುರು ಬೆವರುತ್ತಾನೆ.

ಎಷ್ಟು ದೂರ ನೋಡುತ್ತಾರೆ?

ಮಹಾರಥಿಗಳು ಇಪ್ಪತ್ತು ಮೂವತ್ತು ನಡೆಗಳನ್ನು ಮುಂದಾಗಿಯೇ ಲೆಕ್ಕ ಹಾಕುತ್ತಾರೆಂಬುದು ಜನರ ನಂಬಿಕೆ. ಹಾಲೆಂಡಿನ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಇದನ್ನು ಒರೆಗೆ ಹಚ್ಚಿದರು. ಸ್ವತಃ ಸಮರ್ಥ ಆಟಗಾರರಾಗಿದ್ದ ಅವರು ಗ್ರ್ಯಾಂಡ್ ಮಾಸ್ಟರರ ಮುಂದೂ ಅವರಿಗಿಂತ ಕೆಳಗಿನವರ ಮುಂದೂ ಒಂದೇ ಮಣೆಯನ್ನಿರಿಸಿ, ಮನಸ್ಸಿಗೆ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಯೋಚಿಸಿರೆಂದು ಕೇಳಿಕೊಂಡರು. 1946ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರಿಗೆ ಆಶ್ಚರ್ಯವನ್ನುಂಟುಮಾಡಿತು. ಲೆಕ್ಕದ ಆಳದಲ್ಲಿ ಇಬ್ಬರಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಕೆಳಗಿನವನು ಹಲವು ನಡೆಗಳನ್ನು ಶ್ರಮಪಟ್ಟು ತೂಗಿ, ಕಡೆಗೆ ಸಾಧಾರಣವಾದುದನ್ನು ಆರಿಸುತ್ತಿದ್ದನು. ಗ್ರ್ಯಾಂಡ್ ಮಾಸ್ಟರನ ಕಣ್ಣಿಗೆ ಯೋಗ್ಯವಾದ ನಡೆ ಮೊದಲೇ ಬಿದ್ದಿರುತ್ತಿದ್ದಿತು. ಬೇಡವಾದುದನ್ನು ಅವನು ನೋಡುತ್ತಲೇ ಇರಲಿಲ್ಲ.

1973ರಲ್ಲಿ ಅಮೆರಿಕದ ಚೇಸ್ ಮತ್ತು ಸೈಮನ್ ಎಂಬ ವಿದ್ವಾಂಸರು ಇನ್ನೊಂದು ಪರೀಕ್ಷೆಯನ್ನು ವಿವರಿಸಿದರು. ನಿಜವಾದ ಆಟವೊಂದರ ಸ್ಥಿತಿಯನ್ನು ಐದು ಸೆಕೆಂಡುಗಳ ಕಾಲ ತೋರಿಸಿ ಮರೆಮಾಡಿದಾಗ, ಮಾಸ್ಟರ್ ಸುಮಾರು ಹದಿನಾರು ಕಾಯಿಗಳನ್ನು ತಪ್ಪಿಲ್ಲದೆ ಮರಳಿ ಜೋಡಿಸಿದನು, ಹೊಸಬನು ನಾಲ್ಕನ್ನು. ಅವೇ ಕಾಯಿಗಳನ್ನು ಮನಬಂದಂತೆ ಚೆಲ್ಲಿದಾಗಲೋ, ಮಾಸ್ಟರನ ಹೆಚ್ಚುಗಾರಿಕೆ ಮಾಯವಾಯಿತು! ಅವನ ಸ್ಮರಣಶಕ್ತಿ ಹುಟ್ಟಿನಿಂದ ಬಂದ ಪವಾಡವಾಗಿರಲಿಲ್ಲ. ಅಕ್ಷರಗಳನ್ನು ಕೂಡಿಸಿ ಓದುವ ಮಗುವಿಗೂ ಸಾಲನ್ನೇ ಒಮ್ಮೆಗೆ ಗ್ರಹಿಸುವ ಹಿರಿಯರಿಗೂ ಇರುವ ಭೇದವೇ ಇಲ್ಲಿಯೂ ಇದ್ದಿತು. ಸಹಸ್ರಾರು ಸ್ಥಿತಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿದವನಿಗೆ ಮಣೆಯೇ ಒಂದು ಭಾಷೆಯಾಗುತ್ತದೆ.

ಕಡೆಯ ಗಳಿಗೆಯ ಎಚ್ಚರ

ಅತ್ಯುನ್ನತ ಮಟ್ಟದಲ್ಲಿ ಈ ಭಾಷೆ ಇಬ್ಬರಿಗೂ ಕರಗತವಾಗಿರುತ್ತದೆ. ಅಲ್ಲಿ ನಿರ್ಣಾಯಕವಾಗುವುದು ದಣಿವಿನಲ್ಲಿಯೂ ಕದಡದ ಚಿತ್ತ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟದ ಹದಿನಾಲ್ಕನೆಯ ಹಾಗೂ ಕಡೆಯ ಆಟ ನಡೆದಿದ್ದಿತು. ಅದುವರೆಗೆ ಇಬ್ಬರೂ ಸಮಸಮ. ಮದರಾಸಿನ ಹದಿನೆಂಟರ ಡಿ. ಗುಕೇಶನಿಗೆ ಒಂದು ಕಾಲಾಳು ಹೆಚ್ಚಾಗಿದ್ದರೂ ಆಟ ಸಮವಾಗಿಯೇ ಮುಗಿಯುವಂತೆ ತೋರುತ್ತಿದ್ದಿತು. ಆತ ಮಾತ್ರ ಕೈಚೆಲ್ಲದೆ ಕಾಡುತ್ತಲೇ ಇದ್ದ. 55ನೆಯ ನಡೆಯಲ್ಲಿ ಚೀನದ ಡಿಂಗ್ ಲಿರೆನ್ ತಮ್ಮ ಆನೆಯನ್ನು ಸರಿಸಿದರು. ಆನೆಗಳು ಬದಲಾಟವಾದವು, ಮೂಲೆಯಲ್ಲಿದ್ದ ಅವರ ಒಂಟೆಯೂ ಬದಲಾಟವನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಉಳಿದುದು ರಾಜ ಮತ್ತು ಕಾಲಾಳುಗಳ ಆಟ. ಅದು ಗುಕೇಶನಿಗೆ ಗೆಲುವು. ವಿಶ್ವ ಚಾಂಪಿಯನ್ನರಿಗೂ ತಪ್ಪುತ್ತದೆ. ತಪ್ಪುವವರೆಗೆ ಕಾಯುವ ತಾಳ್ಮೆ, ತಪ್ಪಿದ ಕ್ಷಣದಲ್ಲಿ ಅದನ್ನು ಗುರುತಿಸುವ ಎಚ್ಚರ, ಇವೆರಡೂ ಗೆದ್ದವನಲ್ಲಿದ್ದವು.

ಕನ್ನಡ ನಾಡಿನ ಕಾಯುವಿಕೆ

ಕನ್ನಡಿಗರಿಗೆ ಚದುರಂಗ ಹೊಸತೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಿಂದ ಅರುವತ್ತನಾಲ್ಕು ಮನೆಗಳನ್ನೂ ಸುತ್ತಿಬರುವ ವಿನ್ಯಾಸಗಳನ್ನು ರಚಿಸಿದ ಪ್ರತಿಭಾವಂತರು. ಆದರೂ 1988ರಲ್ಲಿ ವಿಶ್ವನಾಥನ್ ಆನಂದ್ ಭಾರತದ ಪ್ರಥಮ ಗ್ರ್ಯಾಂಡ್ ಮಾಸ್ಟರ್ ಆದ ಮೇಲೆ, ಕರ್ನಾಟಕ ತನ್ನ ಮೊದಲಿಗನಿಗಾಗಿ ಇಪ್ಪತ್ತೊಂಬತ್ತು ವರ್ಷಗಳ ಕಾಲ ಕಾಯಬೇಕಾಯಿತು. 2017ರಲ್ಲಿ ಆ ಗೌರವವನ್ನು ತಂದವರು ಮೈಸೂರಿನವರೇ ಆದ ಎಂ. ಎಸ್. ತೇಜಕುಮಾರ್; ಭಾರತದ ಐವತ್ತನೆಯ ಗ್ರ್ಯಾಂಡ್ ಮಾಸ್ಟರ್. ಗುಕೇಶನಿಗೆ ಈ ಪದವಿ 2019ರಲ್ಲಿ ಹನ್ನೆರಡರ ವಯಸ್ಸಿನಲ್ಲಿಯೇ ಒಲಿಯಿತು. ತೇಜಕುಮಾರರಿಗೆ ಮೂವತ್ತು ದಾಟಿದ ಮೇಲೆ. ಇಂಟರ್‌ನ್ಯಾಷನಲ್ ಮಾಸ್ಟರ್ ಎಂಬ ಮೆಟ್ಟಿಲಲ್ಲಿ ವರ್ಷಗಟ್ಟಲೆ ನಿಂತು, ಎಳೆಯರು ತಮ್ಮನ್ನು ದಾಟಿಹೋಗುವುದನ್ನು ನೋಡುತ್ತ ಆಟವನ್ನು ಬಿಡದಿರುವುದು ಸಾಮಾನ್ಯವಾದ ಮಾತಲ್ಲ.

ಊರಿನ ಸೋಲರಿಯದ ಆಟಗಾರನಿಗೆ ಇರುವ ದೊಡ್ಡ ಕೊರತೆಯೂ ಇಲ್ಲಿಯೇ ಗೋಚರವಾಗುತ್ತದೆ: ಅವನಿಗೆ ಸೋಲಿಲ್ಲ. ಗೆದ್ದ ಆಟ ಮರೆತುಹೋಗುತ್ತದೆ. ಸೋತ ಆಟವನ್ನು ಬರೆದಿಟ್ಟುಕೊಂಡು, ಎಲ್ಲಿ ತಪ್ಪಿದೆನೆಂದು ಹುಡುಕಿದವನಿಗೆ ಮಾತ್ರ ಕಣ್ಣು ತೆರೆಯುತ್ತದೆ. ಮಗ ಗ್ರ್ಯಾಂಡ್ ಮಾಸ್ಟರ್ ಆದಾನೆ ಎಂದು ಕೇಳುವ ತಂದೆತಾಯಿಗಳು ಅವನ ಬಹುಮಾನಗಳನ್ನು ಎಣಿಸಬೇಕಾಗಿಲ್ಲ. ಪಂದ್ಯದಲ್ಲಿ ಸೋತು ಬಂದ ರಾತ್ರಿ ಅವನು ಏನು ಮಾಡುತ್ತಾನೆಂದು ನೋಡಲಿ. ಅತ್ತು ಮಲಗಿದರೆ ಅದೂ ಸಹಜವೇ; ಮಕ್ಕಳಲ್ಲವೆ? ಆದರೆ ಊಟ ಮುಗಿಸಿ, ಯಾರ ಒತ್ತಾಯವೂ ಇಲ್ಲದೆ, ಅದೇ ಆಟವನ್ನು ಮೊದಲಿನಿಂದ ಮಣೆಯ ಮೇಲೆ ಜೋಡಿಸತೊಡಗಿದರೆ, ದೀಪವನ್ನು ಇನ್ನೂ ಸ್ವಲ್ಪ ಹೊತ್ತು ಆರಿಸದಿರುವುದು ಒಳ್ಳೆಯದು.