ಅಪ್ಪನ ನಂಬಿಕೆ ಮಗಳಿಗೆ ದಾಟದ ದಿನ

2013ರ ಈಸ್ಟರ್ ಭಾನುವಾರದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಮಲ್ಲೇಶ್ವರದ ಸೇಂಟ್ ಪೀಟರ್ಸ್ ಸೆಮಿನರಿಯ ರೆಕ್ಟರ್ ಫಾದರ್ ಕೆ.ಜೆ. ಥಾಮಸ್ ಕೊಲೆಯಾಗಿದ್ದರು. ಸುಮಾರು ಒಂದು ವರ್ಷದ ಬಳಿಕ ಪೊಲೀಸರು ಬಂಧಿಸಿದವರಲ್ಲಿ ಪಾದ್ರಿಗಳೂ ಇದ್ದರು. ಸೆಮಿನರಿಯ ಹಿಡಿತಕ್ಕಾಗಿ ನಡೆದ ಒಳಜಗಳವೇ ಕಾರಣವೆಂದು ಪೊಲೀಸರು ಹೇಳಿದರು. ಆರೋಪ ಸಾಬೀತಾಗದೆ ಯಾರನ್ನೂ ಅಪರಾಧಿ ಎನ್ನುವಂತಿಲ್ಲ. ಆದರೆ ಯಶವಂತಪುರದಲ್ಲೋ ಯಲಹಂಕದಲ್ಲೋ ಪೂಜೆಗೆ ಬಂದು ಕೂತವರ ಮನಸ್ಸು ಕೋರ್ಟಿನ ತೀರ್ಪಿಗೆ ಕಾಯುವುದಿಲ್ಲ. ಕ್ಷಮೆಯ ಪಾಠ ಹೇಳಿಕೊಡುವ ಮನೆಯಲ್ಲಿ ಜಗಳ ಅಷ್ಟು ಬೆಳೆಯಲು ಬಿಟ್ಟವರಾರು ಎಂದು ಅದು ಆಗಲೇ ಕೇಳಿರುತ್ತದೆ.

ಹಗರಣಗಳಾದರೆ ಜನ ದೇವರನ್ನೇ ಬಿಟ್ಟುಬಿಡುತ್ತಾರೆ ಎಂದು ಹಿರಿಯರು ಹೆದರುತ್ತಾರೆ, ಆ ಹೆದರಿಕೆಯಲ್ಲೇ ಎಲ್ಲವನ್ನೂ ಮುಚ್ಚಿಡುತ್ತಾರೆ. ಅರ್ಥಶಾಸ್ತ್ರಜ್ಞರಾದ ನಿಕೊಲಸ್ ಬೊಟ್ಟನ್ ಮತ್ತು ರಿಕಾರ್ಡೊ ಪೆರೆಜ್-ಟ್ರುಗ್ಲಿಯಾ ಅಮೆರಿಕದ ಕಥೋಲಿಕ ಹಗರಣಗಳನ್ನು ಪಿನ್‌ಕೋಡ್‌ವಾರು ಹಿಡಿದು ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಬೇರೆಯದನ್ನೇ. ಹಗರಣ ನಡೆದ ಪ್ರದೇಶದಲ್ಲಿ ಚರ್ಚಿಗೆ ಬರುವವರು ಕಡಿಮೆಯಾದರು, ವರ್ಷಗಳು ಕಳೆದರೂ ಹಿಂತಿರುಗಲಿಲ್ಲ. ದಾನಧರ್ಮ ಕುಸಿಯಿತು, ಆ ನಷ್ಟ ಚರ್ಚು ಪರಿಹಾರ ಮತ್ತು ಮೊಕದ್ದಮೆಗಳಿಗೆ ತೆತ್ತ ಹಣದ ಹಲವು ಪಟ್ಟು. ಆದರೆ ದೇವರ ಮೇಲಿನ ನಂಬಿಕೆಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ.

ಇದನ್ನು ಕೇಳಿ ಯಾರೂ ಸಮಾಧಾನಪಟ್ಟುಕೊಳ್ಳಬಾರದು. ನಂಬಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬ ಬಗ್ಗೆ ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಹಿರಿಯರು ಏನು ಹೇಳಿದರು ಎಂಬುದಕ್ಕಿಂತ, ಹೇಳಿದ್ದಕ್ಕಾಗಿ ಏನು ಕಳೆದುಕೊಳ್ಳಲು ಸಿದ್ಧರಿದ್ದರು ಎಂಬುದನ್ನು ನೋಡಿ ಮಕ್ಕಳು ನಂಬುತ್ತಾರೆ ಎಂಬುದು ಅದರ ತಿರುಳು. ಹಾಗಿದ್ದರೆ ಚರ್ಚು ಬಿಟ್ಟು ಮನೆಯಲ್ಲೇ ಕೂತು ಪ್ರಾರ್ಥಿಸುವ ಅಪ್ಪನ ನಂಬಿಕೆ ಅವನಲ್ಲಿ ಉಳಿದೀತು, ಮಗಳು ಮಾತ್ರ ಅದನ್ನು ಕಣ್ಣಾರೆ ಕಾಣದೆಯೇ ಬೆಳೆಯುತ್ತಾಳೆ. ಹೊಡೆತ ಬೀಳುವುದು ಇಪ್ಪತ್ತು ವರ್ಷ ತಡವಾಗಿ.

ಐರ್ಲೆಂಡಿನಲ್ಲಿ ಆದದ್ದು ಹೀಗೆಯೇ ಎಂದು ನನ್ನ ಎಣಿಕೆ. 1970ರ ದಶಕದ ಆರಂಭದಲ್ಲಿ ಅಲ್ಲಿನ ಕಥೋಲಿಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ವಾರವಾರ ಪೂಜೆಗೆ ಹೋಗುತ್ತಿದ್ದರು. ಚರ್ಚಿನವರಿಂದ ಮಕ್ಕಳ ಮೇಲೆ ನಡೆದ ದೌರ್ಜನ್ಯ ಮತ್ತು ಅದನ್ನು ಮುಚ್ಚಿಹಾಕಿದ ಬಗೆ 2009ರ ರಯಾನ್ ಮತ್ತು ಮರ್ಫಿ ತನಿಖಾ ವರದಿಗಳಲ್ಲಿ ಬಯಲಾಯಿತು. ಕಥೋಲಿಕರೆಂದು ಬರೆಸಿಕೊಂಡವರು 2011ರ ಜನಗಣತಿಯಲ್ಲಿ ಶೇ. 84ರಷ್ಟಿದ್ದರು, 2022ರಲ್ಲಿ ಶೇ. 69. ಶಿಕ್ಷಣ, ಹಣಕಾಸು, ನಗರಜೀವನದ ಪಾಲೂ ಇದರಲ್ಲಿದೆ, ನಿಜ. ಆದರೆ ಚರ್ಚಿನ ಬೆಂಚುಗಳು ತುಂಬಿದ್ದಾಗ ಅಲ್ಲಿಯೂ ಯಾರೂ ಎಚ್ಚರಗೊಳ್ಳಲಿಲ್ಲ.

ನಮ್ಮಲ್ಲಿ ಬೆಂಚುಗಳು ಈಗಲೂ ತುಂಬಿವೆ. ಆರ್.ಟಿ. ನಗರದ ಯಾವ ಚರ್ಚಿಗಾದರೂ ಭಾನುವಾರ ಹೋಗಿ ನೋಡಿ, ತಡವಾಗಿ ಬಂದವರು ಹೊರಗೆ ಶಾಮಿಯಾನದ ಕೆಳಗೆ ನಿಂತಿರುತ್ತಾರೆ. ಆರಾಧನೆ ಮುಗಿದ ಮೇಲೆ ಅದೇ ಶಾಮಿಯಾನದ ಕೆಳಗೆ ಮದುವೆಯ ಮಾತು ಶುರುವಾಗುತ್ತದೆ. ಹುಡುಗ ಏನು ಓದಿದ್ದಾನೆ, ಎಲ್ಲಿ ಕೆಲಸ ಎಂದೆಲ್ಲ ಕೇಳಿಯಾದ ಮೇಲೆ ದನಿ ತಗ್ಗುತ್ತದೆ: "ಅಲ್ಲಮ್ಮಾ, ಮೂಲದಲ್ಲಿ ಅವರು ಯಾವ ಜನ?" ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂಬ ಪ್ರಸಂಗ ಕೇಳಿ ಅರ್ಧ ಗಂಟೆಯೂ ಆಗಿರುವುದಿಲ್ಲ. ಪಕ್ಕದಲ್ಲಿ ಪ್ಲೇಟು ಹಿಡಿದು ಕೇಕು ತಿನ್ನುತ್ತಿರುವ ಹುಡುಗಿಗೆ ಎರಡೂ ಕೇಳಿಸಿರುತ್ತವೆ.

ಇದು ನನ್ನೊಬ್ಬನ ದೂರಲ್ಲ. ದಲಿತ ಕ್ರೈಸ್ತರು ಚರ್ಚಿನೊಳಗೇ ಅಸ್ಪೃಶ್ಯತೆ ಅನುಭವಿಸುತ್ತಿದ್ದಾರೆ ಎಂದು ಭಾರತದ ಕಥೋಲಿಕ ಬಿಷಪ್ಪರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ಹೊರತಂದ ನೀತಿಪತ್ರದಲ್ಲಿ ಒಪ್ಪಿಕೊಂಡಿತು. ದಲಿತರೊಬ್ಬರು ಮೊದಲ ಬಾರಿಗೆ ಕಾರ್ಡಿನಲ್ ಆಗಲು 2022ರವರೆಗೆ ಕಾಯಬೇಕಾಯಿತು. ಹೈದರಾಬಾದಿನ ಆ ಆರ್ಚ್‌ಬಿಷಪ್ ಆಂಥೊನಿ ಪೂಲ ಗುರುಶಿಕ್ಷಣ ಪಡೆದದ್ದು ಇದೇ ಸೇಂಟ್ ಪೀಟರ್ಸ್ ಸೆಮಿನರಿಯಲ್ಲಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಯ ಹೆಸರಿನ ಮುಂದೆ 'ಕ್ರಿಶ್ಚಿಯನ್' ಎಂದು ಸೇರಿಸಿದ್ದಕ್ಕೆ ಗದ್ದಲವಾಗಿ, ಹಿಂದುಳಿದ ವರ್ಗಗಳ ಆಯೋಗ ಅಂಥ 33 ಹೆಸರುಗಳನ್ನು ಆ್ಯಪಿನಲ್ಲಿ ಕಾಣದಂತೆ ಮಾಡಿತು. ಗದ್ದಲದ ರಾಜಕೀಯ ಏನೇ ಇರಲಿ, ಶಾಮಿಯಾನದ ಕೆಳಗಿನ ಪಟ್ಟಿ ಹಾಗೇ ಇದೆ.

ಬೋಧನೆ ಹೆಚ್ಚಿಸಿದರೆ ಇದೆಲ್ಲ ಸರಿಹೋಗುತ್ತದೆ ಎಂಬ ನಿರೀಕ್ಷೆಗೂ ಆಧಾರ ಕಡಿಮೆ. ಪ್ರಿನ್ಸ್‌ಟನ್ನಿನ 40 ಸೆಮಿನರಿ ವಿದ್ಯಾರ್ಥಿಗಳ ಮೇಲೆ ಮನೋವಿಜ್ಞಾನಿಗಳಾದ ಡಾರ್ಲಿ ಮತ್ತು ಬ್ಯಾಟ್ಸನ್ ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಉಪನ್ಯಾಸ ಕೊಡಲು ಹೊರಟವರ ದಾರಿಯಲ್ಲಿ ಒಬ್ಬ ಕೆಮ್ಮುತ್ತಾ ಕುಸಿದು ಕೂತಿದ್ದ. ಸಮಯವಿದ್ದವರಲ್ಲಿ ಶೇ. 63 ಮಂದಿ ನೆರವಾದರು, ತಡವಾಗಿದೆ ಎಂದು ಅವಸರಕ್ಕೆ ದೂಡಲ್ಪಟ್ಟವರಲ್ಲಿ ಶೇ. 10 ಮಾತ್ರ. ದಯಾವಂತ ಸಮಾರ್ಯದವನ ಸಾಮತಿಯ ಬಗ್ಗೆಯೇ ಮಾತಾಡಲು ಹೊರಟಿದ್ದವರೂ ಅದರಿಂದ ಗಮನಾರ್ಹವಾಗಿ ಬದಲಾದದ್ದು ಕಾಣಲಿಲ್ಲ.

ಕರ್ನಾಟಕದಲ್ಲಿ ಕ್ರೈಸ್ತರು, 2011ರ ಜನಗಣತಿಯಂತೆ, ಶೇ. 1.87. ಇಷ್ಟು ಸಣ್ಣ ಸಮುದಾಯ ಸಂಖ್ಯೆ ಮೀರಿ ಗೌರವ ಗಳಿಸಿದ್ದು ಬೋಧನೆಯಿಂದಲ್ಲ, ಬಳ್ಳಾರಿ ರಸ್ತೆಯ ಹೆಬ್ಬಾಳದಲ್ಲಿ 1973ರಿಂದ ನಡೆದುಬಂದಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥವುಗಳಿಂದ. ಹೆನ್ರಿಕ್ ಹೇಳುವ, ಬೆಲೆ ತೆತ್ತು ತೋರಿಸಿದ ನಂಬಿಕೆ ಅದು. ಕಾಣಿಕೆ ಮತ್ತು ವಿಶ್ವಾಸ ಬತ್ತಿದರೆ ಮೊದಲು ಏಟು ತಿನ್ನುವವರು ಇಂಥ ಕಡೆ ರಿಯಾಯಿತಿ ಚಿಕಿತ್ಸೆಗೆ ಬರುವ ಬಡವರು, ಅವರಲ್ಲಿ ಎಲ್ಲ ಮತದವರೂ ಇದ್ದಾರೆ.

ಇಷ್ಟೆಲ್ಲ ಕತ್ತಲೆಯ ನಡುವೆ ಒಂದು ಫಲಿತಾಂಶ ನನಗೆ ಧೈರ್ಯ ಕೊಡುತ್ತದೆ. ಯೇಲ್‌ನ ಮನೋವಿಜ್ಞಾನಿ ಜಿಲಿಯನ್ ಜೋರ್ಡನ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ಜನ ಕಪಟಿಗಳನ್ನು ನೇರ ಸುಳ್ಳುಗಾರರಿಗಿಂತ ಹೆಚ್ಚು ದ್ವೇಷಿಸುತ್ತಾರೆ. ಆದರೆ "ಇದು ತಪ್ಪು, ನಾನೂ ಕೆಲವೊಮ್ಮೆ ಮಾಡುತ್ತೇನೆ" ಎಂದು ಮೊದಲೇ ಹೇಳಿಕೊಂಡವರ ಮೇಲೆ ಆ ಸಿಟ್ಟು ಬರುವುದಿಲ್ಲ. ಪಾಪನಿವೇದನೆಯನ್ನು ಸಂಸ್ಕಾರವಾಗಿ ಆಚರಿಸುವ ಸಭೆಗೆ ಇದನ್ನು ಹೊರಗಿನಿಂದ ಕಲಿಯುವ ಅಗತ್ಯ ಬರಬಾರದಿತ್ತು.

ಹಾಗಾಗಿ ನಮ್ಮ ಚರ್ಚಿನ ಈ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ್ದಿದೆ. ಲೆಕ್ಕಪರಿಶೋಧನೆಯಾದ ಜಮಾಖರ್ಚು ನೋಟಿಸ್ ಬೋರ್ಡಿಗೆ ಯಾವಾಗ ಬರುತ್ತದೆ? ಗುರುಗಳ ಮೇಲೆ ದೂರು ಬಂದರೆ ಅದನ್ನು ವಿಚಾರಿಸುವ ಸಮಿತಿಯಲ್ಲಿ ಹೊರಗಿನವರು ಇದ್ದಾರೆಯೇ? ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ನಮ್ಮ ಭಾನುವಾರದ ಶಾಲೆಯ ಶಿಕ್ಷಕರಿಗೆ ಅದನ್ನು ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ಮತ್ತು ಚರ್ಚಿನ ಆಡಳಿತ ಮಂಡಳಿಯಲ್ಲಿ ದಲಿತ ಕುಟುಂಬದವರು ಎಷ್ಟು ಮಂದಿ, ಯಾವ ವರ್ಷದಿಂದ?