ನಿಮಗಿದು ಗೊತ್ತೆ? ನೆಲದಡಿಯಿಂದ ಮನೆಗೆ ನುಸುಳುವ ರೇಡಾನ್

1984ರ ಡಿಸೆಂಬರ್. ಅಮೆರಿಕದ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಕಾಲಿಟ್ಟರೆ ಸಾಕು, ವಿಕಿರಣ ಪತ್ತೆಯಂತ್ರ ಬಡಿದುಕೊಳ್ಳುತ್ತಿತ್ತು. ತಮಾಷೆಯೆಂದರೆ, ಅಲ್ಲಿ ವಿದ್ಯುತ್ ಉತ್ಪಾದನೆಯೇ ಶುರುವಾಗಿರಲಿಲ್ಲ! ಕಳ್ಳ ಇದ್ದದ್ದು ಅವರ ಮನೆಯಲ್ಲಿ: ವಿಕಿರಣ ಸೂಸುವ ರೇಡಾನ್ ಅನಿಲ.

ಮಣ್ಣು, ಬಂಡೆಗಳಲ್ಲಿನ ಯುರೇನಿಯಂ ಕ್ಷಯಿಸುತ್ತ ಹುಟ್ಟುವ ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಳಪಾಯದ ಬಿರುಕಿನಿಂದ ನುಸುಳಿ, ಚಳಿಗೆಂದು ಕಿಟಕಿ ಮುಚ್ಚಿದ ಮನೆಗಳಲ್ಲಿ ಜಮೆಯಾಗುತ್ತದೆ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನ ಬಿಟ್ಟರೆ ದೊಡ್ಡ ಕಾರಣ ಇದೇ. ಸಿಗರೇಟು ಸೇದುವವರಿಗಂತೂ ಅಪಾಯ ಹಲವು ಪಟ್ಟು.

ಘನಮೀಟರ್ ಗಾಳಿಯಲ್ಲಿ ರೇಡಾನ್ 100 ಬೆಕ್ವೆರೆಲ್ (ವಿಕಿರಣಶೀಲತೆಯ ಮಾನ) ದಾಟದಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾಟ್ರಸ್ ಮನೆಯಲ್ಲಿದ್ದದ್ದು ಸುಮಾರು 1 ಲಕ್ಷ! ನೆಲದಡಿಯ ಅನಿಲವನ್ನು ಪೈಪು, ಫ್ಯಾನಿನಿಂದ ಹೊರದಬ್ಬಿದ ಮೇಲೆ ಕುಟುಂಬ ಅದೇ ಮನೆಗೆ ಮರಳಿತು.